ಸಾರ್ ನಾಡಿನ ಜನಮತಗಣನೆ: ವೃತ್ತಪತ್ರಿಕೆ, ಬಾನುಲಿ ಮತ್ತು ಯೂರೋಪಿನ ಐಕ್ಯ

1955ನೆಯ ಇಸವಿಯ ಅಕ್ಟೋಬರ್ ತಿಂಗಳನ್ನು ನಮ್ಮ ಗಡಿನಾಡಿನ ಹಿರಿಯರು ಕೊನೆಯವರೆಗೂ ಮರೆತಿರಲಿಲ್ಲ. ಫಜಲ್ ಆಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿಯು ಆ ತಿಂಗಳಲ್ಲಿ ಪ್ರಕಟವಾಗಿ, ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರತಕ್ಕದ್ದೆಂಬ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಅದೇ ತಿಂಗಳ 23ನೆಯ ತಾರೀಖು ಭಾನುವಾರ, ಇಲ್ಲಿಂದ ಸಹಸ್ರಾರು ಮೈಲಿ ದೂರದಲ್ಲಿ, ಫ್ರಾನ್ಸು ಮತ್ತು ಜರ್ಮನಿಗಳ ನಡುವಣ ಇನ್ನೊಂದು ಗಡಿನಾಡಿನ ಜನರು ಮತಗಟ್ಟೆಗಳ ಮುಂದೆ ಸಾಲಾಗಿ ನಿಂತಿದ್ದರು. ನಮ್ಮ ಹಿರಿಯರನ್ನು ಯಾರೂ ಮತಪೆಟ್ಟಿಗೆಯ ಮುಂದೆ ನಿಲ್ಲಿಸಿ ಕೇಳಲಿಲ್ಲ, ಅವರನ್ನು ಕೇಳಿದರು. ಆದರೆ ಕೇಳುವ ಮೊದಲು ಹತ್ತು ವರ್ಷ ಅವರ ಬಾಯಿ ಕಟ್ಟಿದ್ದರು. ಆ ಕಥೆಯನ್ನು ಗಡಿನಾಡಿನ ಉಪಾಧ್ಯಾಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆ ನಾಡಿನ ಹೆಸರು ಸಾರ್. ಅದೇ ಹೆಸರಿನ ನದಿಯಿಂದ ಬಂದದ್ದು. ತರಗತಿಯಲ್ಲಿ ಈ ಹೆಸರನ್ನು ಹೇಳಿದಾಗಲೆಲ್ಲ ನಮ್ಮ ಹುಡುಗರು ನಗುವುದುಂಟು. ಅವರ ಪಾಲಿಗೆ ಸಾರ್ ಎಂದರೆ ಪಾಠ ಹೇಳುವ ನಾವು, ಇಲ್ಲವೇ ಮಧ್ಯಾಹ್ನದ ಊಟದ್ದು. ವಿಸ್ತಾರದಲ್ಲಿ ನಮ್ಮ ಕಾಸರಗೋಡು ಜಿಲ್ಲೆಗಿಂತ ತುಸು ದೊಡ್ಡದು, ಸುಮಾರು 2,570 ಚದರ ಕಿಲೋಮೀಟರು. ಜನಸಂಖ್ಯೆ ಆಗಲೂ ಈಗಲೂ ಹತ್ತು ಲಕ್ಷದ ಆಸುಪಾಸು. ಮಾತು ಜರ್ಮನ್. ನೆಲದ ಕೆಳಗೆ ಕಲ್ಲಿದ್ದಲು, ನೆಲದ ಮೇಲೆ ಉಕ್ಕಿನ ಕಾರ್ಖಾನೆ. ಆದುದರಿಂದಲೇ ಎರಡು ದೊಡ್ಡ ರಾಷ್ಟ್ರಗಳ ಕಣ್ಣು ಅದರ ಮೇಲೆ. ಒಂದನೆಯ ಮಹಾಯುದ್ಧದ ತರುವಾಯ ವರ್ಸಾಯ್ ಒಪ್ಪಂದದಂತೆ ಈ ನಾಡನ್ನು 1920ರಿಂದ ಹದಿನೈದು ವರ್ಷ ರಾಷ್ಟ್ರಸಂಘದ ಆಡಳಿತಕ್ಕೆ ಒಪ್ಪಿಸಲಾಯಿತು. ಗಣಿಗಳು ಫ್ರಾನ್ಸಿಗೆ ಹೋದುವು. ಅವಧಿ ತುಂಬಿದ ಮೇಲೆ 1935ರ ಜನವರಿ 13ರಂದು ಜನಮತಗಣನೆ ನಡೆಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಜರ್ಮನಿಗೆ ಸೇರುವುದಾಗಿ ಮತವಿತ್ತರು. ಆಗ ಜರ್ಮನಿ ಎಂದರೆ ಹಿಟ್ಲರನ ಜರ್ಮನಿ.

ಆ ವೇಳೆಯಲ್ಲಿ ಎದುರು ಈಜಿದವರು ಕೆಲವರಿದ್ದರು. ಅವರಲ್ಲೊಬ್ಬನು ಯೋಹಾನ್ನೆಸ್ ಹಾಫ್‌ಮನ್ ಎಂಬ ಕ್ಯಾಥೊಲಿಕ್ ಪತ್ರಕರ್ತ. ಮೊದಲಿದ್ದ ಪತ್ರಿಕೆಯಲ್ಲಿ ಹಿಟ್ಲರನ ವಿರುದ್ಧ ಬರೆಯಲು ಎಡೆಯಿಲ್ಲವಾದಾಗ, ಆತನು 1934ರಲ್ಲಿ ‘ನೋಯೆ ಸಾರ್ ಪೋಸ್ಟ್’ ಎಂಬ ಬೇರೊಂದು ದಿನಪತ್ರಿಕೆಯನ್ನು ಹೊರಡಿಸಿ, ಹಿಟ್ಲರನು ಇರುವ ತನಕ ಜರ್ಮನಿಗೆ ಸೇರುವುದು ಬೇಡ, ಈಗಿದ್ದಂತೆಯೇ ಇರೋಣ ಎಂದು ವಾದಿಸಿದನು. ಗಡಿಯಾಚೆಯಿಂದ ಜರ್ಮನ್ ಬಾನುಲಿಯು ದಿನವೂ ಪ್ರಚಾರದ ಮಳೆ ಸುರಿಸುತ್ತಿದ್ದಾಗ ಆ ಸಣ್ಣ ಪತ್ರಿಕೆಯ ದನಿ ಎಷ್ಟು ದೂರ ಹೋದೀತು? ಈಗಿದ್ದಂತೆಯೇ ಇರೋಣ ಎಂದವರು ನೂರಕ್ಕೆ ಒಂಬತ್ತು ಮಂದಿಯೂ ಆಗಲಿಲ್ಲ. ಹಾಫ್‌ಮನ್ ಊರುಬಿಟ್ಟು ಓಡಬೇಕಾಯಿತು. ಲಕ್ಸೆಂಬರ್ಗ್, ಫ್ರಾನ್ಸು, ಕೊನೆಗೆ ಬ್ರೆಜಿಲ್. ಯುದ್ಧ ಮುಗಿದು 1945ರಲ್ಲಿ ಆತನು ಹಿಂದಿರುಗಿದನು. ಈ ವ್ಯಕ್ತಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಯ ನಾಯಕನೂ ಆತನೇ. ಕೆಲವರ ದೃಷ್ಟಿಯಲ್ಲಿ ಖಳನೂ ಆತನೇ.

ಎರಡನೆಯ ಮಹಾಯುದ್ಧದ ಬಳಿಕ ಸಾರ್ ನಾಡು ಫ್ರೆಂಚ್ ಸೇನೆಯ ವಶಕ್ಕೆ ಬಂದಿತು. 1946ರ ಡಿಸೆಂಬರಿನಲ್ಲಿ ಅದಕ್ಕೂ ಉಳಿದ ಜರ್ಮನಿಗೂ ನಡುವೆ ಸುಂಕದ ಗಡಿ ಬಿದ್ದಿತು. 1947ರಲ್ಲಿ ಫ್ರಾಂಕ್ ನಾಣ್ಯ ಚಲಾವಣೆಗೆ ಬಂದಿತು. ಅದೇ ವರ್ಷ ಬಂದ ರಾಜ್ಯಾಂಗದ ಪೀಠಿಕೆಯಲ್ಲಿಯೇ ಈ ನಾಡು ಆರ್ಥಿಕವಾಗಿ ಫ್ರಾನ್ಸಿಗೆ ಕೂಡಿಕೊಂಡದ್ದು, ರಾಜಕೀಯವಾಗಿ ಜರ್ಮನಿಯಿಂದ ಬೇರೆಯಾದದ್ದು ಎಂದು ಬರೆಯಲಾಯಿತು. ಹಾಫ್‌ಮನ್ ಮುಖ್ಯಮಂತ್ರಿಯಾದನು. ಅಂಚೆಚೀಟಿ ಬೇರೆ, ಪೌರತ್ವ ಬೇರೆ. 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗೆ ಬೇರೆ ತಂಡವೇ ಹೋಯಿತು. 1948ರಲ್ಲಿ ವಿಶ್ವವಿದ್ಯಾನಿಲಯವೂ ಆರಂಭವಾಯಿತು. ಪಾಠಶಾಲೆಗಳಲ್ಲಿ ಎಳೆಯ ತರಗತಿಗಳಿಂದಲೇ ಫ್ರೆಂಚ್ ಕಲಿಸತೊಡಗಿದರು. ನೆರೆಯವರ ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ಮೇಲಿನಿಂದ ಇಳಿದು ಬಂದ ಭಾಷೆಯನ್ನು ಹುಡುಗರು ಹೇಗೆ ಕಲಿಯುತ್ತಾರೆಂಬುದು ಗಡಿನಾಡಿನ ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪತ್ರಿಕೆಗಳ ವಿಚಾರ. ಸಾರ್‌ಬ್ರೂಕೆನ್ ಪಟ್ಟಣದ ದಿನಪತ್ರಿಕೆಯು 1761ರಷ್ಟು ಹಿಂದಿನ ಮೂಲವುಳ್ಳದ್ದು. 1945ರ ಆಗಸ್ಟ್ ತಿಂಗಳಲ್ಲಿ ಅದು ಫ್ರೆಂಚ್ ಅಧಿಕಾರಿಗಳ ಪರವಾನಗಿ ಪಡೆದು ಮತ್ತೆ ಹೊರಟಿತು. ಪರವಾನಗಿ ಎಂಬುದೇ ಅಂದಿನ ಕಾಲದ ಕೀಲಿಕೈ. ಪಕ್ಷ ಕಟ್ಟುವುದಕ್ಕೂ ಪತ್ರಿಕೆ ಹೊರಡಿಸುವುದಕ್ಕೂ ಪರವಾನಗಿ ಬೇಕು. ಜರ್ಮನಿಗೆ ಸೇರಬೇಕೆನ್ನುವುದು ರಾಜ್ಯಾಂಗಕ್ಕೆ ವಿರುದ್ಧವಾದ ಮಾತಾದುದರಿಂದ, ಹಾಗೆನ್ನುವ ಪಕ್ಷಕ್ಕೆ ಪರವಾನಗಿಯಿಲ್ಲ. ಪಕ್ಷವಿಲ್ಲದ ಮೇಲೆ ಪತ್ರಿಕೆಯೂ ಇಲ್ಲ. ಹಾಗೆನ್ನತೊಡಗಿದ ಡೆಮಾಕ್ರಟಿಕ್ ಪಕ್ಷವನ್ನು 1951ರ ಮೇ ತಿಂಗಳಲ್ಲಿ ನಿಷೇಧಿಸಲಾಯಿತು. ಸಾರ್‌ಬ್ರೂಕೆನ್ ಬಾನುಲಿ 1946ರ ಮಾರ್ಚಿನಲ್ಲಿ ಆರಂಭವಾದಂದಿನಿಂದ ಆಳುವವರ ಕೈಯಲ್ಲಿಯೇ ಇತ್ತು. ಜರ್ಮನಿಯಿಂದ ಬರುವ ಪತ್ರಿಕೆಗಳನ್ನು ಆಗಾಗ ಗಡಿಯಲ್ಲಿ ತಡೆಯುವುದೂ ಇತ್ತು. ಹಿಟ್ಲರನ ಎದುರು ಪತ್ರಿಕೆ ಹೊರಡಿಸಿ ಮನೆಮಾರು ಕಳೆದುಕೊಂಡ ಮನುಷ್ಯನ ಆಡಳಿತದಲ್ಲಿ ಇದೆಲ್ಲ ನಡೆಯಿತೆಂಬುದು ನೆನೆದಷ್ಟೂ ವ್ಯಥೆಯಾಗುವ ಸಂಗತಿ. ಹತ್ತು ವರ್ಷಗಳ ಹಿಂದೆ ಈ ಜನರು ಪ್ರಚಾರಕ್ಕೆ ಮರುಳಾದದ್ದನ್ನು ಆತನು ಕಣ್ಣಾರೆ ಕಂಡಿದ್ದನು. ಮತ್ತೊಮ್ಮೆ ಅವರ ಕಿವಿಗೆ ಅದು ಬೀಳಬಾರದೆಂದು ಅವನ ಎಣಿಕೆ ಇದ್ದೀತು. ಎಣಿಕೆ ಅರ್ಥವಾಗುತ್ತದೆ, ಒಪ್ಪಲು ಮನಸ್ಸಾಗುವುದಿಲ್ಲ.

ಇದೇ ಸಮಯದಲ್ಲಿ ಯೂರೋಪಿನ ಐಕ್ಯದ ಮಾತು ದೊಡ್ಡದಾಗುತ್ತಿತ್ತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮಾನ್ ಪ್ಯಾರಿಸಿನಲ್ಲಿ ಪತ್ರಕರ್ತರನ್ನು ಕರೆದು, ಫ್ರಾನ್ಸು ಮತ್ತು ಜರ್ಮನಿಗಳ ಕಲ್ಲಿದ್ದಲು ಉಕ್ಕುಗಳ ಉತ್ಪಾದನೆಯನ್ನು ಒಂದೇ ಮೇಲಾಡಳಿತಕ್ಕೆ ಒಪ್ಪಿಸುವ ಯೋಜನೆಯನ್ನು ಓದಿ ಹೇಳಿದನು. ಈ ಶೂಮಾನನೂ ಗಡಿನಾಡಿನವನೇ. ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ, ಓದಿದ್ದು ಜರ್ಮನಿಯಲ್ಲಿ, ಮಂತ್ರಿಯಾದದ್ದು ಫ್ರಾನ್ಸಿನಲ್ಲಿ. ಸಭೆ ಎಷ್ಟು ಅವಸರದಲ್ಲಿ ನಡೆಯಿತೆಂದರೆ ಛಾಯಾಗ್ರಾಹಕರು ಬಂದಿರಲಿಲ್ಲ. ಚಿತ್ರಕ್ಕಾಗಿ ಆತನು ಇನ್ನೊಮ್ಮೆ ಓದಬೇಕಾಯಿತು. ಇಂದು ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಚಿತ್ರ ಆ ಎರಡನೆಯ ಓದಿನದು. ಜನರಿಗೆ ಮೊದಲು ತಿಳಿಸಿ, ಚರ್ಚಿಸಿ, ಆಮೇಲೆ ತೀರ್ಮಾನಿಸುವ ಕ್ರಮ ಐಕ್ಯದ ಮೊದಲ ಹೆಜ್ಜೆಯಲ್ಲಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲೇ ತಿಳಿದಿದ್ದರೆ ಎರಡೂ ಕಡೆಯ ಪತ್ರಿಕೆಗಳು ಆ ಯೋಜನೆಯನ್ನು ಹರಿದು ಹಾಕುತ್ತಿದ್ದುವೋ ಏನೋ. ಹೇಗೂ 1951ರ ಏಪ್ರಿಲ್ 18ರಂದು ಆರು ರಾಷ್ಟ್ರಗಳು ಕಲ್ಲಿದ್ದಲು ಉಕ್ಕು ಸಮುದಾಯದ ಒಪ್ಪಂದಕ್ಕೆ ರುಜು ಹಾಕಿದುವು. ಸಾರ್ ನಾಡಿನ ಪ್ರತಿನಿಧಿಗಳು ಅದರ ಸಭೆಯಲ್ಲಿ ಫ್ರಾನ್ಸಿನ ಪಂಕ್ತಿಯಲ್ಲಿಯೇ ಕುಳಿತರು. ಆ ಸಮುದಾಯದ ರಾಜಧಾನಿಯನ್ನು ಸಾರ್‌ಬ್ರೂಕೆನ್ನಿನಲ್ಲಿ ಇಡಬಹುದೆಂಬ ಮಾತೂ 1952ರಲ್ಲಿ ಬಂದಿತ್ತು. ಕೈಗೂಡಲಿಲ್ಲ.

ಅದೇ 1952ರ ನವೆಂಬರ್ 30ರಂದು ಸಾರ್ ವಿಧಾನಸಭೆಗೆ ಚುನಾವಣೆ ನಡೆಯಿತು. ಜರ್ಮನಿಯ ಪರವಾದ ಪಕ್ಷಗಳಿಗೆ ಸ್ಪರ್ಧಿಸಲು ಅವಕಾಶವಿರಲಿಲ್ಲ. ಹಾಫ್‌ಮನ್ ಪಕ್ಷ ಗೆದ್ದಿತು. ಆದರೆ ಚಲಾಯಿಸಿದ ಮತಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಅಸಿಂಧು! ಅಕ್ಷರ ಬಲ್ಲ ನಾಡಿನಲ್ಲಿ ಇಷ್ಟೊಂದು ಮಂದಿಗೆ ಗುರುತು ಹಾಕಲು ಬರಲಿಲ್ಲವೆಂದು ಯಾರೂ ನಂಬಲಾರರು. ಪತ್ರಿಕೆಗೆ ಬರೆಯಲಾಗದ ಪತ್ರವನ್ನು ಅವರು ಮತಪತ್ರವನ್ನು ಕೆಡಿಸಿ ಬರೆದಿದ್ದರು. ಅಂದಿನ ಆಡಳಿತಗಾರರು ಆ ಪತ್ರವನ್ನು ಓದಲಿಲ್ಲ. ನಮ್ಮ ದೃಷ್ಟಿಯಲ್ಲಿ ಮೂರು ವರ್ಷಗಳ ನಂತರದ ಫಲಿತಾಂಶವೆಲ್ಲ ಅಲ್ಲಿಯೇ ಬರೆದಿತ್ತು.

ಬಾನುಲಿಯ ಅಲೆಗಳಿಗೆ ಪರವಾನಗಿ ಕೇಳುವ ಪೊಲೀಸನಿಲ್ಲ. 1954ರ ವಿಶ್ವ ಫುಟ್‌ಬಾಲ್ ಪಂದ್ಯಾವಳಿಯ ಅರ್ಹತಾ ಸುತ್ತಿನಲ್ಲಿ ಸಾರ್ ನಾಡಿನ ತಂಡವು ಪಶ್ಚಿಮ ಜರ್ಮನಿಯನ್ನೇ ಎದುರಿಸಿ ಎರಡು ಪಂದ್ಯಗಳಲ್ಲಿಯೂ ಸೋತಿತು. ಅದೇ ಜುಲೈ 4ರಂದು ಬರ್ನ್ ನಗರದಲ್ಲಿ ಜರ್ಮನಿಯು ಹಂಗೆರಿಯನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಒಂದು ಭಾಷೆಯ ವೀಕ್ಷಕ ವಿವರಣೆಯನ್ನು ಗಡಿಯ ಎರಡು ಬದಿಗಳಲ್ಲಿ ಕುಳಿತು ಕೇಳುವವರ ಎದೆ ಒಂದೇ ರೀತಿಯಲ್ಲಿ ಬಡಿಯುತ್ತದೆಂಬುದು ಬೆಂಗಳೂರು, ಮಂಗಳೂರು ನಿಲಯಗಳನ್ನು ಗಡಿಯೀಚೆ ಕೇಳಿ ಬೆಳೆದ ನಮ್ಮಂಥವರಿಗೆ ಗೊತ್ತು. ಮೇಲಾಗಿ ಪಶ್ಚಿಮ ಜರ್ಮನಿಯ ಕೈಗಾರಿಕೆ, ನಾಣ್ಯ ದಿನದಿನಕ್ಕೆ ಬಲವಾಗುತ್ತಿದ್ದುವು. ಫ್ರಾನ್ಸಿನ ಜತೆಗಿನ ಲಾಭ ಕಡಮೆಯಾಗುತ್ತಿತ್ತು.

ಇನ್ನೊಂದು ವಿನೋದದ ಸಂಗತಿ. ಫ್ರಾನ್ಸಿನಲ್ಲಿ ಬಾನುಲಿ ಪ್ರಸಾರವು ಸರ್ಕಾರದ ಏಕಸ್ವಾಮ್ಯ. ಖಾಸಗಿಯವರು ಪ್ರಸಾರಕೇಂದ್ರ ಕಟ್ಟುವಂತಿರಲಿಲ್ಲ. ಆದುದರಿಂದ ಕೆಲವು ಉದ್ಯಮಿಗಳು ಪ್ಯಾರಿಸಿನಲ್ಲಿ ಸ್ಟುಡಿಯೋ ಇಟ್ಟು, ಪ್ರಸಾರಯಂತ್ರವನ್ನು ಸಾರ್ ನಾಡಿನ ಬೇರುಸ್ ಎಂಬ ಹಳ್ಳಿಯ ಬಳಿ ನಿಲ್ಲಿಸಿ, 1955ರ ಜನವರಿಯಿಂದ ಫ್ರೆಂಚ್ ಭಾಷೆಯಲ್ಲಿ ಪ್ರಸಾರ ತೊಡಗಿದರು. ಅದಕ್ಕೆ ಇಟ್ಟ ಹೆಸರು ‘ಯೂರೋಪು ನಂಬರ್ ಒಂದು’. ಕಂಬಗಳಿಲ್ಲದ ಆ ವಿಶಾಲವಾದ ಯಂತ್ರಭವನವು ವಾಸ್ತುಶಿಲ್ಪಕ್ಕಾಗಿ ಹೆಸರಾಯಿತು. ಜರ್ಮನ್ ಮಾತಾಡುವ ರೈತರ ಹೊಲದಿಂದ ಹೊರಟ ಫ್ರೆಂಚ್ ದನಿ ಲಕ್ಷಾಂತರ ಫ್ರೆಂಚರ ಮನೆಗಳಿಗೆ ಹೋಗುತ್ತಿತ್ತು. ಆ ಹೊಲದ ಒಡೆಯರಿಗೆ ಮಾತ್ರ ತಮ್ಮ ಮಾತಿನಲ್ಲಿ ಬೇಕಾದದ್ದನ್ನು ಅಚ್ಚು ಹಾಕಿಸುವ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ.

ಯೂರೋಪಿನ ರಕ್ಷಣಾ ಸಮುದಾಯದ ಯೋಜನೆಯನ್ನು 1954ರ ಆಗಸ್ಟ್ 30ರಂದು ಫ್ರೆಂಚ್ ಸಂಸತ್ತೇ ಮುರಿದು ಹಾಕಿದ ಬಳಿಕ ಹೊಸ ಏರ್ಪಾಡುಗಳು ಬೇಕಾದುವು. ಅಕ್ಟೋಬರ್ 23ರಂದು ಜರ್ಮನಿಯ ಪ್ರಧಾನಿ ಅಡೆನೌವರ್, ಫ್ರಾನ್ಸಿನ ಪ್ರಧಾನಿ ಮೆಂಡೆಸ್ ಫ್ರಾನ್ಸ್ ಇಬ್ಬರೂ ಪ್ಯಾರಿಸಿನಲ್ಲಿ ಸಾರ್ ಬಗ್ಗೆ ಒಪ್ಪಂದ ಮಾಡಿಕೊಂಡರು. ಅದರಂತೆ ಸಾರ್ ನಾಡು ‘ಯೂರೋಪಿನ ನಾಡು’ ಆಗಬೇಕು. ವಿದೇಶ ವ್ಯವಹಾರ, ರಕ್ಷಣೆ ಎರಡನ್ನೂ ಪಶ್ಚಿಮ ಯೂರೋಪು ಒಕ್ಕೂಟದ ಪರವಾಗಿ ಒಬ್ಬ ಯೂರೋಪಿಯನ್ ಆಯುಕ್ತನು ನೋಡಿಕೊಳ್ಳಬೇಕು. ಆರ್ಥಿಕ ಸಂಬಂಧ ಫ್ರಾನ್ಸಿನೊಂದಿಗೆ ಮುಂದುವರಿಯಬೇಕು. ಇದನ್ನು ಜನರು ಮತದಿಂದ ಒಪ್ಪಬೇಕು. ಒಪ್ಪಂದದ ಆರನೆಯ ವಿಧಿಯಲ್ಲಿ ಒಂದು ಸಣ್ಣ ವಾಕ್ಯವಿತ್ತು: ಪಕ್ಷ, ಸಂಘ, ವೃತ್ತಪತ್ರಿಕೆ, ಸಾರ್ವಜನಿಕ ಸಭೆ ಇವುಗಳಿಗೆ ಇನ್ನು ಪರವಾನಗಿ ಬೇಕಿಲ್ಲ. ಮತದ ಮೂಲಕ ಒಮ್ಮೆ ಒಪ್ಪಿದ ಮೇಲೆ, ಶಾಂತಿ ಒಪ್ಪಂದ ಆಗುವ ತನಕ ಆ ವ್ಯವಸ್ಥೆಯನ್ನು ಪ್ರಶ್ನಿಸುವಂತಿಲ್ಲವೆಂದೂ ಅಲ್ಲಿಯೇ ಬರೆದಿತ್ತು. ಅಂದರೆ ಬಾಗಿಲು ಒಮ್ಮೆ ತೆರೆಯುವುದು, ಮತ್ತೆ ಮುಚ್ಚುವುದು.

1955ರ ಜುಲೈ 23ರಂದು ಬಾಗಿಲು ತೆರೆಯಿತು. ಮತದಾನಕ್ಕೆ ಸರಿಯಾಗಿ ಮೂರು ತಿಂಗಳು. ಬೆಲ್ಜಿಯಮಿನ ಸೆನೆಟರ್ ಫೆರ್ನಾನ್ ದೆಹುಸ್ಸ್ ಎಂಬವನ ನೇತೃತ್ವದಲ್ಲಿ ಒಕ್ಕೂಟದ ಆಯೋಗವು ಮೇಲ್ವಿಚಾರಣೆಗೆ ಬಂದಿತು. ಅದುವರೆಗೆ ಅಡಗಿದ್ದ ಮೂರು ಪಕ್ಷಗಳು ತಲೆಯೆತ್ತಿ, ಸೆಪ್ಟೆಂಬರಿನಲ್ಲಿ ‘ತಾಯ್ನಾಡಿನ ಕೂಟ’ ಎಂದು ಒಂದಾದುವು. ಅವುಗಳ ಪತ್ರಿಕೆಗಳೂ ಹೊರಟುವು. ಹತ್ತು ವರ್ಷ ಹೇಳಲಾಗದ್ದನ್ನೆಲ್ಲ ಮೂರು ತಿಂಗಳಲ್ಲಿ ಹೇಳಿದರೆ ಅದು ಮಾತಾಗಿ ಉಳಿಯುವುದಿಲ್ಲ, ಕೂಗಾಗುತ್ತದೆ. ಗೋಡೆಗಳೆಲ್ಲ ಭಿತ್ತಿಪತ್ರ. ಸಭೆಗಳಲ್ಲಿ ಗಲಭೆ, ಪೊಲೀಸರಿಂದ ಅಶ್ರುವಾಯು. ಹಾಫ್‌ಮನ್ ಸ್ಥೂಲಕಾಯನಾಗಿದ್ದುದರಿಂದ ‘ದಪ್ಪಗಿನವನು ತೊಲಗಬೇಕು’ ಎಂಬುದೇ ಅತ್ಯಂತ ಜನಪ್ರಿಯವಾದ ಘೋಷಣೆಯಾಯಿತು. ಒಪ್ಪಂದದ ವಿಧಿಗಳನ್ನು ಓದಿದವರು ಎಷ್ಟು ಮಂದಿಯೋ, ಈ ಘೋಷಣೆಯನ್ನು ಕಲಿಯದವರು ಯಾರೂ ಇರಲಿಲ್ಲ.

ಎದುರಾಳಿಗಳ ಮುಖಂಡರಲ್ಲಿ ಪ್ರಮುಖನು ಹೈನ್‌ರಿಶ್ ಶ್ನೈಡರ್ ಎಂಬ ವಕೀಲ. ಹಿಂದೆ ಹಿಟ್ಲರನ ಪಕ್ಷದ ಸದಸ್ಯನಾಗಿದ್ದವನು. ಹೀಗೆ, ಸ್ವತಂತ್ರ ಪತ್ರಿಕೆಯ ಹಕ್ಕನ್ನು ಆ ಪಕ್ಷದಲ್ಲಿದ್ದವನು ಬಳಸಿದನು. ಆ ಪಕ್ಷವನ್ನು ಪತ್ರಿಕೆಯಿಂದ ಎದುರಿಸಿದವನು ಆ ಹಕ್ಕನ್ನು ತಡೆದವನೆನಿಸಿಕೊಂಡು ನಿಂತನು. ಇದನ್ನು ಕಂಡು, ಪತ್ರಿಕಾ ಸ್ವಾತಂತ್ರ್ಯ ಕೊಟ್ಟದ್ದೇ ತಪ್ಪು ಎನ್ನುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ತಡವಾಗಿ ಕೊಟ್ಟದ್ದು ತಪ್ಪು. 1947ರಿಂದಲೇ ಎರಡೂ ಪಕ್ಷದ ಪತ್ರಿಕೆಗಳು ಇದ್ದಿದ್ದರೆ, ಶ್ನೈಡರನ ಪೂರ್ವಚರಿತ್ರೆಯನ್ನು ಜನ ನೂರು ಸಲ ಓದುತ್ತಿದ್ದರು, ಹಾಫ್‌ಮನ್ನನ ತ್ಯಾಗವನ್ನೂ ಓದುತ್ತಿದ್ದರು. ನಿಷೇಧವು ಒಬ್ಬನ ಕಳಂಕವನ್ನು ಮುಚ್ಚಿತು, ಇನ್ನೊಬ್ಬನ ಕೀರ್ತಿಯನ್ನೂ ಮುಚ್ಚಿತು. ಹೊರಗಿನ ಹಣ, ಸಾಹಿತ್ಯ ಜರ್ಮನಿಯಿಂದ ಬಂದದ್ದೂ ನಿಜ. ಫ್ರಾನ್ಸಿನ ಬೆಂಬಲ ಹತ್ತು ವರ್ಷ ಇನ್ನೊಂದು ಕಡೆಗೆ ಇದ್ದದ್ದೂ ನಿಜ. ಅಡೆನೌವರ್ ಸ್ವತಃ ಸೆಪ್ಟೆಂಬರ್ 2ರಂದು ಬೋಖುಮ್ ನಗರದಲ್ಲಿ ಮಾತಾಡಿ, ಒಪ್ಪಂದವನ್ನು ಒಪ್ಪಿಕೊಳ್ಳಿರೆಂದು ಸಾರ್ ಜನರನ್ನು ಕೇಳಿಕೊಂಡನು. ಜರ್ಮನಿಯ ಪ್ರಧಾನಿಯ ಮಾತನ್ನು ಜರ್ಮನಿಯ ಪರವಾದವರೇ ಕೇಳಲಿಲ್ಲ!

ಫಲಿತಾಂಶ ಬಂದಿತು. ನೂರಕ್ಕೆ 96ಕ್ಕಿಂತ ಹೆಚ್ಚು ಮತದಾರರು ಮತ ಹಾಕಿದ್ದರು. ಬೇಡವೆಂದವರು 4 ಲಕ್ಷ 23 ಸಾವಿರ, ಬೇಕೆಂದವರು 2 ಲಕ್ಷ 2 ಸಾವಿರ, ನೂರಕ್ಕೆ 67.7 ಮತ್ತು 32.3. ಹಾಫ್‌ಮನ್ ಆ ರಾತ್ರಿಯೇ ರಾಜೀನಾಮೆ ಕೊಟ್ಟನು. ಇಲ್ಲಿ ಅವನನ್ನು ಮೆಚ್ಚಲೇಬೇಕು. ನೆವ ಹುಡುಕಲಿಲ್ಲ, ಸೇನೆಯನ್ನು ಕರೆಯಲಿಲ್ಲ. ಫ್ರಾನ್ಸು ಕೂಡ ತೀರ್ಪಿಗೆ ತಲೆಬಾಗಿತು. 1956ರ ಅಕ್ಟೋಬರ್ 27ರ ಲಕ್ಸೆಂಬರ್ಗ್ ಒಪ್ಪಂದದಂತೆ ಸಾರ್ ನಾಡು 1957ರ ಜನವರಿ 1ರಂದು ಪಶ್ಚಿಮ ಜರ್ಮನಿಯ ಒಂದು ರಾಜ್ಯವಾಯಿತು. 1959ರ ಜುಲೈ ತಿಂಗಳಲ್ಲಿ ಜರ್ಮನ್ ಮಾರ್ಕ್ ಚಲಾವಣೆಗೆ ಬಂದಿತು. ಪ್ರತಿಯಾಗಿ ಫ್ರಾನ್ಸಿಗೆ ಮೊಸೆಲ್ ನದಿಯನ್ನು ದೊಡ್ಡ ದೋಣಿಗಳಿಗೆ ತಕ್ಕಂತೆ ಮಾಡಿಸಿಕೊಡಲು ಜರ್ಮನಿ ಒಪ್ಪಿತು. ಆ ಜಲಮಾರ್ಗ 1964ರಲ್ಲಿ ತೆರೆಯಿತು. ಸಾರ್ ಶಾಲೆಗಳಲ್ಲಿ ಫ್ರೆಂಚ್ ಮೊದಲನೆಯ ಪರಭಾಷೆಯಾಗಿ ಉಳಿಯಿತು.

ಈ ಮತವನ್ನು ಯೂರೋಪಿನ ವಿರುದ್ಧ ಬಿದ್ದ ಮತವೆಂದು ಕೆಲವರು ಹೇಳುವುದುಂಟು. ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ಸಾರ್ ಜರ್ಮನಿಗೆ ಸೇರಿ ಮೂರು ತಿಂಗಳೊಳಗೆ, 1957ರ ಮಾರ್ಚ್ 25ರಂದು, ರೋಮಿನಲ್ಲಿ ಆರು ರಾಷ್ಟ್ರಗಳು ಆರ್ಥಿಕ ಸಮುದಾಯದ ಒಪ್ಪಂದಕ್ಕೆ ರುಜು ಹಾಕಿದುವು. ಫ್ರಾನ್ಸು ಮತ್ತು ಜರ್ಮನಿಗಳ ನಡುವಣ ಮುಳ್ಳು ಹೋಗಿದ್ದುದರಿಂದಲೇ ಆ ಕೆಲಸ ಸಲೀಸಾಯಿತೆಂದು ನಮ್ಮ ಅಭಿಪ್ರಾಯ. ಮುಂದೆ 1984ರ ಜುಲೈ 13ರಂದು ಸಾರ್‌ಬ್ರೂಕೆನ್ನಿನಲ್ಲಿಯೇ ಕೋಲ್ ಮತ್ತು ಮಿತೆರಾಂ ಆಡಳಿತಗಳು ಗಡಿಯ ತಪಾಸಣೆಯನ್ನು ಸಡಿಲಿಸುವ ಒಪ್ಪಂದ ಮಾಡಿಕೊಂಡುವು. ಮರುವರ್ಷ ಜೂನ್ 14ರಂದು, ಸಾರ್ ನಾಡಿನ ಅಂಚಿಗೇ ಇರುವ ಲಕ್ಸೆಂಬರ್ಗಿನ ಶೆಂಗೆನ್ ಹಳ್ಳಿಯಲ್ಲಿ ಐದು ರಾಷ್ಟ್ರಗಳು ಅದನ್ನೇ ಹಿಗ್ಗಿಸಿದುವು. ಯೂರೋಪು ಬೇಡವೆಂದರೆಂದು ಹೆಸರಾದ ಜನರ ಮನೆಯಂಗಳದಲ್ಲಿಯೇ ಯೂರೋಪಿನ ಗಡಿಗಳು ಕರಗತೊಡಗಿದುವು.

ಹಾಗೆಂದು ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. 1979ರಿಂದ ಯೂರೋಪಿನ ಸಂಸತ್ತಿಗೆ ಜನರೇ ನೇರವಾಗಿ ಆರಿಸುತ್ತಾರೆ. ಮೊದಲ ಸಲ ನೂರಕ್ಕೆ 62ರಷ್ಟು ಮಂದಿ ಮತ ಹಾಕಿದರು. 2014ರ ಹೊತ್ತಿಗೆ ಅದು 43ಕ್ಕೂ ಕೆಳಗಿಳಿದು, 2019ರಲ್ಲಿಯೂ 2024ರಲ್ಲಿಯೂ 51ರ ಸಮೀಪಕ್ಕೆ ಏರಿತು. ಇಪ್ಪತ್ತೇಳು ರಾಷ್ಟ್ರಗಳು, ಇಪ್ಪತ್ತನಾಲ್ಕು ಅಧಿಕೃತ ಭಾಷೆಗಳು. ಎಲ್ಲರೂ ಓದುವ ಒಂದು ಪತ್ರಿಕೆ ಇಲ್ಲ. ಪ್ರತಿಯೊಂದು ದೇಶದ ಪತ್ರಿಕೆಯೂ ಯೂರೋಪನ್ನು ತನ್ನ ಮನೆಯ ಕಿಟಕಿಯಿಂದಲೇ ನೋಡುತ್ತದೆ. ಬ್ರಿಟನ್ನಿನಲ್ಲಿ 1975ರಲ್ಲಿ ಹೆಚ್ಚುಕಡಮೆ ಎಲ್ಲ ದೊಡ್ಡ ಪತ್ರಿಕೆಗಳೂ ಸಮುದಾಯದಲ್ಲಿ ಉಳಿಯಬೇಕೆಂದು ಬರೆದುವು. ನೂರಕ್ಕೆ 67 ಮಂದಿ ಹಾಗೆಯೇ ಮತವಿತ್ತರು. 2016ರಲ್ಲಿ ಪತ್ರಿಕೆಗಳು ಇಬ್ಭಾಗವಾಗಿ, ಹೆಚ್ಚು ಮಾರಾಟವಾಗುವ ಕೆಲವು ಹೊರಬರಲು ಕೂಗಿದುವು, ನೂರಕ್ಕೆ 51.9 ಮಂದಿ ಹೊರಬರುವುದೆಂದರು. ಪತ್ರಿಕೆಗಳು ಹೇಳಿದ್ದಕ್ಕೇ ಜನ ಹಾಗೆ ಮಾಡಿದರೆಂದು ನಾವು ಹೇಳೆವು. ಸಾರ್ ನಾಡಿನಲ್ಲಿ ಹತ್ತು ವರ್ಷದ ಪತ್ರಿಕೆಗಳೂ ಬಾನುಲಿಯೂ ಒಂದೇ ಮಾತು ಹೇಳಿ, ಜನ ಅದಕ್ಕೆ ವಿರುದ್ಧವಾಗಿ ಮತವಿತ್ತದ್ದನ್ನು ಕಂಡೆವಲ್ಲ.

ಭಾಷೆಯ ಮಾತನ್ನೂ ಹೇಳಿಬಿಡಬೇಕು. ಒಂದು ಕಾಲದಲ್ಲಿ ಮೇಲಿನಿಂದ ಹೇರಿದ್ದೆಂದು ಬೇಸರ ತರಿಸಿದ್ದ ಫ್ರೆಂಚನ್ನು ಕಲಿತು, 2043ರೊಳಗೆ ನಾಡೆಲ್ಲ ದ್ವಿಭಾಷಿಯಾಗಬೇಕೆಂಬ ಗುರಿಯನ್ನು ಸಾರ್ ರಾಜ್ಯದ ಸರ್ಕಾರವೇ 2014ರಲ್ಲಿ ಹಾಕಿಕೊಂಡಿತು. ಈ ಸಲ ಯಾರೂ ಹೇರಿದ್ದಲ್ಲ. ಗುರಿ ಮುಟ್ಟುವರೋ ಇಲ್ಲವೋ, ಅಲ್ಲಿಯ ಉಪಾಧ್ಯಾಯರ ಕಷ್ಟ ಅವರಿಗೇ ಗೊತ್ತು.

ಹಾಫ್‌ಮನ್ ತನ್ನ ನೆನಪುಗಳನ್ನು 1963ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಗುರಿ ಯೂರೋಪು ಆಗಿತ್ತು ಎಂಬ ಅರ್ಥದ ಹೆಸರು ಅದಕ್ಕೆ. 1967ರಲ್ಲಿ ತೀರಿಕೊಂಡನು. ಯಾವ ಕಲ್ಲಿದ್ದಲಿಗಾಗಿ ಎರಡು ರಾಷ್ಟ್ರಗಳು ಜಗ್ಗಾಡಿದುವೋ ಆ ಗಣಿಗಳಲ್ಲಿ ಕೊನೆಯದು 2012ರ ಜೂನ್ 30ರಂದು ಮುಚ್ಚಿತು. ಬೇರುಸಿನ ಪ್ರಸಾರಯಂತ್ರವು 2019ರ ಡಿಸೆಂಬರ್ 31ರಂದು ಮೌನವಾಯಿತು. ಕಂಬಗಳಿಲ್ಲದ ಆ ಭವನವನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಅದರ ಹತ್ತಿರದಲ್ಲಿಯೇ ಫ್ರಾನ್ಸಿಗೆ ಹೋಗುವ ದಾರಿಯಿದೆ.